ಒಂದು ಚೀಟಿಯ ಬೆನ್ನು ಹತ್ತಿ: ಮಾಹಿತಿ ವ್ಯವಸ್ಥೆಯ ಪ್ರಾಜೆಕ್ಟ್ ಮಾಡುವ ಬಗೆ

ಮಂಡ್ಯ, ಮೈಸೂರು ಕಡೆಯ ಕಾಲೇಜುಗಳಲ್ಲಿ ಬಿಸಿಎ, ಎಂಸಿಎ, ಎಂಬಿಎ ಓದುವ ಮಕ್ಕಳಿಗೆ ಯಾವುದಾದರೂ ಒಂದು ಸೆಮಿಸ್ಟರ್‌ನಲ್ಲಿ ಈ ಕೆಲಸ ಬರುತ್ತದೆ. ಒಂದು ಸಂಸ್ಥೆಗೆ ಹೋಗಬೇಕು, ಅಲ್ಲಿ ಮಾಹಿತಿ ಹೇಗೆ ಓಡಾಡುತ್ತದೆ ಅಂತ ನೋಡಬೇಕು, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಹುಡುಕಬೇಕು, ಆಮೇಲೆ ಅದನ್ನು ಹೊಸದಾಗಿ ರೂಪಿಸಿ ತೋರಿಸಬೇಕು. ನಾನು ಇಂಥ ಪ್ರಾಜೆಕ್ಟುಗಳಿಗೆ ಗೈಡ್ ಆಗಿ ಕೆಲವು ವರ್ಷಗಳಾದವು. ಬಹಳಷ್ಟು ತಂಡಗಳು ಒಂದೇ ಕಡೆ ಎಡವುತ್ತವೆ. ಸಂಸ್ಥೆಯ ಹೆಸರು ಗೊತ್ತಾದ ದಿನವೇ ಲ್ಯಾಪ್‌ಟಾಪ್ ತೆಗೆದು ಲಾಗಿನ್ ಪೇಜ್ ಮಾಡಲು ಕೂರುತ್ತವೆ. ಸಂಸ್ಥೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದೆ ಮಾಡಿದ ಲಾಗಿನ್ ಪೇಜಿನಿಂದ ಯಾರಿಗೂ ಪ್ರಯೋಜನವಿಲ್ಲ.

ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. ಒಂದೇ ಒಂದು ಚೀಟಿ ಹಿಡಿದುಕೊಳ್ಳಿ. ಅದು ಹುಟ್ಟುವ ಜಾಗದಿಂದ ಯಾರದೋ ಕೈಗೆ ದುಡ್ಡು ಸೇರುವ ತನಕ ಅದರ ಬೆನ್ನು ಬಿಡಬೇಡಿ. ಆಮೇಲೆ ಚಿತ್ರ, ಆಮೇಲೆ ಕಂಪ್ಯೂಟರ್ ಕೋಡ್.

ಕೆಳಗೆ ಹೇಳುವುದನ್ನೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ: ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ. ಊರಲ್ಲಿ ಎಲ್ಲರೂ ಡೇರಿ ಅಂತಾರೆ. ನನ್ನ ವಿದ್ಯಾರ್ಥಿಗಳು, ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಅಲ್ಲಿ ಪ್ರಾಜೆಕ್ಟ್ ಮಾಡಿದರು. ಊರಿನ ಹೆಸರು ಬೇಡ.

ಸಂಸ್ಥೆ ಹುಡುಕುವುದು

ದೊಡ್ಡ ಸಂಸ್ಥೆ ಬೇಡ. ಗೇಟಲ್ಲೇ ನಿಲ್ಲಿಸುತ್ತಾರೆ, ಒಳಗೆ ಬಿಟ್ಟರೂ ಒಂದು ಪಿಪಿಟಿ ತೋರಿಸಿ ಟೀ ಕೊಟ್ಟು ಕಳಿಸುತ್ತಾರೆ. ನಿಮಗೆ ಬೇಕಾಗಿರುವುದು ಕನಿಷ್ಠ ನಾಲ್ಕು ಸಲ ಹೋಗಿ ಸುಮ್ನೆ ಒಂದು ಮೂಲೆಯಲ್ಲಿ ಕೂರಲು ಬಿಡುವ ಜಾಗ. ಮಂಡ್ಯದಲ್ಲಿ ಇಂಥ ಜಾಗಕ್ಕೆ ಬರ ಇಲ್ಲ. ಬೆಲ್ಲದ ಮಂಡಿ ಇದೆ, ಗೊಬ್ಬರದ ಅಂಗಡಿ ಇದೆ, ಹಾಸ್ಟೆಲ್ ಮೆಸ್ ಇದೆ, ಗ್ರಂಥಾಲಯ ಇದೆ, ಪ್ರಾಥಮಿಕ ಕೃಷಿ ಪತ್ತಿನ ಸಂಘ ಇದೆ. ನಿಮ್ಮದೇ ಊರಿನ ಡೇರಿ ಆದರೆ ಇನ್ನೂ ಒಳ್ಳೆಯದು, ಮನೆಯಲ್ಲಿ ಯಾರಾದರೂ ಅಲ್ಲಿಗೆ ಹಾಲು ಹಾಕುತ್ತಲೇ ಇರುತ್ತಾರೆ.

ಒಂದು ಜಾಗ ಪ್ರಾಜೆಕ್ಟಿಗೆ ಆಗುತ್ತದೋ ಇಲ್ಲವೋ ಅಂತ ನೋಡಲು ನಾನು ಕೇಳುವ ಪ್ರಶ್ನೆ ಇಷ್ಟೆ: ಒಂದೇ ವಿಷಯವನ್ನು ಅಲ್ಲಿ ಎರಡು ಮೂರು ಕಡೆ ಬರೆಯುತ್ತಾರಾ? ಬರೆಯುತ್ತಾರೆ ಅಂದರೆ ಕಣ್ಣು ಮುಚ್ಚಿಕೊಂಡು ಅದನ್ನೇ ತೆಗೆದುಕೊಳ್ಳಿ. ಎರಡು ಕಡೆ ಬರೆದಲ್ಲಿ ಎಂದಾದರೂ ಒಂದು ದಿನ ಎರಡು ಬೇರೆ ಬೇರೆ ಆಗುತ್ತವೆ.

ಅನುಮತಿ ಪತ್ರವನ್ನು ಕನ್ನಡದಲ್ಲೇ ಬರೆಯಿರಿ. ಕಾಲೇಜಿನ ಲೆಟರ್‌ಹೆಡ್, ವಿಭಾಗದ ಮುಖ್ಯಸ್ಥರ ಸಹಿ, ಸೀಲು ಇರಲಿ. ಡೇರಿ ಆದರೆ ಅಧ್ಯಕ್ಷರಿಗೂ ಮುಖ್ಯ ಕಾರ್ಯನಿರ್ವಾಹಕರಿಗೂ ಸೇರಿಸಿ ಬರೆಯಬೇಕು. ಕಾಗದದಲ್ಲಿ ಮುಖ್ಯ ಕಾರ್ಯನಿರ್ವಾಹಕರು, ಊರಲ್ಲಿ ಅವರೇ ಸೆಕ್ರೆಟರಿ. ಪತ್ರದಲ್ಲಿ ಮೂರು ವಿಷಯ ಬಿಡಿಸಿ ಹೇಳಿ: ಏನು ನೋಡುತ್ತೀರಿ, ಎಷ್ಟು ದಿನ ಬರುತ್ತೀರಿ, ಯಾರ ಹೆಸರು ಮತ್ತು ಬ್ಯಾಂಕ್ ವಿವರವನ್ನೂ ಹೊರಗೆ ಒಯ್ಯುವುದಿಲ್ಲ. ಮೂರನೆಯದನ್ನು ಬರೆಯದಿದ್ದರೆ ಪುಸ್ತಕ ಮುಟ್ಟಲು ಬಿಡುವುದಿಲ್ಲ, ಬಿಡಬಾರದು ಕೂಡ.

ಮೊದಲ ಬೆಳಗ್ಗೆ: ಬರೀ ನೋಡಿ

ಮೊದಲ ಸಲ ಹೋಗುವಾಗ ಲ್ಯಾಪ್‌ಟಾಪ್ ಮನೆಯಲ್ಲಿ ಬಿಡಿ. ಒಂದು ನೋಟ್‌ಬುಕ್, ಪೆನ್ನು, ಕೈಗಡಿಯಾರ ಸಾಕು. ಡೇರಿ ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ತೆಗೆಯುತ್ತದೆ. ನೀವು ಬಾಗಿಲು ತೆಗೆಯುವ ಮುಂಚೆಯೇ ಅಲ್ಲಿರಬೇಕು, ಹಾಲು ಒಯ್ಯುವ ಗಾಡಿ ಹೊರಡುವ ತನಕ ಇರಬೇಕು. ಮಧ್ಯದಲ್ಲಿ ಎದ್ದು ಹೋದರೆ ಅರ್ಧ ಕಥೆ ತಪ್ಪುತ್ತದೆ.

ಏನು ಬರೆದುಕೊಳ್ಳಬೇಕು? ಕಣ್ಣಿಗೆ ಕಂಡಿದ್ದು, ಅದರ ಪಕ್ಕ ಸಮಯ. ನನ್ನ ವಿದ್ಯಾರ್ಥಿನಿಯ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು: ಒಬ್ಬ ಹೆಂಗಸು ಬಂದರು, ನಂಬರ್ ಹೇಳಿದರು, ಹಾಲು ಸುರಿದರು, ಅಳತೆ ಯಂತ್ರದಲ್ಲಿ ಅಂಕಿ ಬಂತು, ಸಣ್ಣ ಲೋಟದಲ್ಲಿ ಸ್ಯಾಂಪಲ್ ತೆಗೆದು ಫ್ಯಾಟ್ ನೋಡುವ ಯಂತ್ರಕ್ಕೆ ಇಟ್ಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಬಂತು, ಚೀಟಿ ಪ್ರಿಂಟ್ ಆಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಸೆಕ್ರೆಟರಿ ಒಂದು ಕ್ಷಣವೂ ತಡ ಮಾಡದೆ ಮೇಜಿನ ಡ್ರಾಯರ್ ಎಳೆದು ಮೂಲೆ ಮಡಚಿದ ಒಂದು ನೋಟ್ ಪುಸ್ತಕ ತೆಗೆದು ಅದರಲ್ಲಿ ಬರೆಯತೊಡಗಿದರು.

ಆ ಪುಸ್ತಕ ನೋಡಿ, ಅದೇ ಚಿನ್ನ. ಹಿಂದಿನ ದಿನ ಫೋನಲ್ಲಿ "ನಿಮ್ಮಲ್ಲಿ ಯಾವ ಯಾವ ದಾಖಲೆ ಇಡ್ತೀರಾ ಅಣ್ಣ?" ಅಂತ ಕೇಳಿದಾಗ ಅವರು ಈ ಪುಸ್ತಕದ ಹೆಸರೇ ಎತ್ತಿರಲಿಲ್ಲ. ಮುಚ್ಚಿಟ್ಟರು ಅಂತಲ್ಲ. ಅದನ್ನು ಅವರು ದಾಖಲೆ ಅಂದುಕೊಂಡೇ ಇಲ್ಲ, ಅದು ಅವರಿಗೆ ಬರೀ ಕಚ್ಚಾ ಪುಸ್ತಕ. ಕರೆಂಟ್ ಹೋದಾಗಿನ ಹಾಲು ಅದರಲ್ಲಿದೆ. ಫೀಡ್, ಅಂದರೆ ಪಶು ಆಹಾರದ ಮೂಟೆ ಸಾಲ ತೆಗೆದುಕೊಂಡವರ ಲೆಕ್ಕ ಅದರಲ್ಲಿದೆ. ಊರಲ್ಲೇ ಮದುವೆ ಮನೆಗೆ ಕೊಟ್ಟ ಹಾಲು ಅದರಲ್ಲಿದೆ. ಬಟವಾಡೆಯ ಹಿಂದಿನ ರಾತ್ರಿ ಕೂತು ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಾರೆ. ಪ್ರತಿ ಸಂಸ್ಥೆಯಲ್ಲೂ ಇಂಥದೊಂದು ಕಚ್ಚಾ ಪುಸ್ತಕ ಇದ್ದೇ ಇರುತ್ತದೆ. ಎಲ್ಲೋ ಗೋಡೆ ಕ್ಯಾಲೆಂಡರ್ ಹಿಂದೆ, ಎಲ್ಲೋ ಯಾರದೋ ಜೇಬಲ್ಲಿ, ಈಗೀಗ ವಾಟ್ಸಾಪ್‌ನಲ್ಲಿ. ಅದು ಸಿಗುವ ತನಕ ನಿಮ್ಮ ವಿಶ್ಲೇಷಣೆ ಶುರುವೇ ಆಗಿಲ್ಲ.

ಜನರನ್ನು ಮಾತಾಡಿಸುವುದು

"ನಿಮಗೆ ಹೊಸ ಸಿಸ್ಟಂನಲ್ಲಿ ಏನೇನು ಬೇಕು?" ಅಂತ ಮಾತ್ರ ಕೇಳಬೇಡಿ. ಯಾರಿಗೂ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದರ ಬದಲು "ನಿನ್ನೆಯ ಲೆಕ್ಕ ತೋರಿಸ್ತೀರಾ?", "ಹೋದ ಸಲ ಯಾವಾಗ ಲೆಕ್ಕ ತಪ್ಪಿತು? ಆವಾಗ ಏನು ಮಾಡಿದ್ರಿ?", "ನೀವು ಒಂದು ವಾರ ರಜೆ ಹಾಕಿದರೆ ಈ ಕೆಲಸ ಯಾರು ಮಾಡ್ತಾರೆ?" ಅಂತ ಕೇಳಿ. ನಡೆದಿದ್ದನ್ನು ಕೇಳಿದರೆ ಜನ ಬಾಯಿ ಬಿಡುತ್ತಾರೆ.

ಕುರ್ಚಿಯಲ್ಲಿ ಕೂತವರನ್ನಷ್ಟೇ ಮಾತಾಡಿಸಿ ಬರಬೇಡಿ. ಸಾಲಿನಲ್ಲಿ ನಿಂತವರನ್ನೂ ಕೇಳಿ. ಕ್ಯಾನ್ ಹಿಡಿದು ನಿಂತಿದ್ದ ಒಬ್ಬ ಅಜ್ಜಿಯನ್ನು ನಮ್ಮ ಹುಡುಗಿ ಮಾತಾಡಿಸಿದಳು.

"ಅಜ್ಜಿ, ಈ ಚೀಟಿ ಏನ್ಮಾಡ್ತೀರಾ?"

"ಸೆರಗಲ್ಲಿ ಗಂಟಾಕ್ಕೊಂಡು ಹೋಗ್ತೀನಿ ಕಣವ್ವ. ರಾತ್ರಿಗೆ ಮೊಮ್ಮಗ ಓದಿ ಹೇಳ್ತಾನೆ."

"ಅದ್ರಲ್ಲಿ ಏನು ನೋಡ್ತೀರಾ?"

"ಇನ್ನೇನ್ ನೋಡ್ಲಿ? ಈ ಸಲ ಬಟವಾಡೆಗೆ ಎಷ್ಟು ಬತ್ತದೆ ಅಂತ. ಅದೊಂದೇ ಇಲ್ಲ ಇದ್ರಲ್ಲಿ."

ನಮ್ಮ ಹುಡುಗಿ ಚೀಟಿ ಇಸಿದುಕೊಂಡು ನೋಡಿದಳು. ಇಂಗ್ಲಿಷಿನ ಸಣ್ಣ ಅಕ್ಷರ. ತಾರೀಖು, ನಂಬರ್, ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲಾ ಇದೆ. ಅದು ಆ ಒಂದು ಹೊತ್ತಿನ ಮೊತ್ತ. ಇಲ್ಲಿಯ ತನಕ ಎಷ್ಟಾಯಿತು, ಅದರಲ್ಲಿ ಫೀಡ್ ಸಾಲಕ್ಕೆ ಎಷ್ಟು ಹೋಗುತ್ತದೆ ಅನ್ನುವುದು ಇಲ್ಲ. ಅಂದರೆ ಚೀಟಿ ಬರೆದವರಿಗೆ ಬೇಕಾದ್ದು ಅದರಲ್ಲಿದೆ, ಓದುವವರಿಗೆ ಬೇಕಾದ್ದು ಇಲ್ಲ. ಪ್ರಾಜೆಕ್ಟಿನ ಅತಿ ಒಳ್ಳೆಯ ಭಾಗ ಈ ಐದು ನಿಮಿಷದ ಮಾತಿನಿಂದ ಬಂತು.

ಹಾಗೇ, ಮಾತಾಡಿ ಬಂದ ದಿನ ರಾತ್ರಿಯೇ ಶುದ್ಧಪ್ರತಿ ಬರೆಯಿರಿ. ಮೂರು ದಿನ ಬಿಟ್ಟು ಬರೆದರೆ ಅವರು ಹೇಳಿದ್ದೆಷ್ಟು ನೀವು ಅಂದುಕೊಂಡಿದ್ದೆಷ್ಟು ಅಂತ ನಿಮಗೇ ಗೊತ್ತಾಗುವುದಿಲ್ಲ.

ಕಾಗದಗಳ ಪಟ್ಟಿ

ಸಂಸ್ಥೆಯಲ್ಲಿ ಓಡಾಡುವ ಪ್ರತಿ ಕಾಗದದ ಒಂದು ಖಾಲಿ ಪ್ರತಿ, ಒಂದು ತುಂಬಿದ ಪ್ರತಿ ನೋಡಿ. ತುಂಬಿದ್ದರ ಫೋಟೊ ತೆಗೆಯುವಾಗ ಹೆಸರು, ಖಾತೆ ನಂಬರ್ ಮೇಲೆ ಕಾಗದ ಮುಚ್ಚಿ. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಕೋಷ್ಟಕ ಹಾಕಿ: ಈ ಅಂಕಣ ಯಾರು ಬರೆಯುತ್ತಾರೆ, ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ. ಯಾರೂ ಓದದ ಅಂಕಣಗಳು ಸಿಗುತ್ತವೆ. ಬರೆಯಲು ಜಾಗವೇ ಇಲ್ಲದೆ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದೂ ಸಿಗುತ್ತದೆ. ಅಂಚಿನ ಗೀಚಿಗೆ ಜಾಸ್ತಿ ಗಮನ ಕೊಡಿ, ಫಾರಂ ಮಾಡಿದವರು ಯಾವುದನ್ನು ಮರೆತರು ಅಂತ ಅದು ಹೇಳುತ್ತದೆ.

ಚಿತ್ರ ಬರೆಯುವ ಹೊತ್ತು

ಈಗ ಡೇಟಾ ಫ್ಲೋ ಡಯಾಗ್ರಾಮ್, ಅಂದರೆ ಡಿಎಫ್‌ಡಿ: ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣ ಹಾಕಿ ತೋರಿಸುವ ಚಿತ್ರ. ಎಪ್ಪತ್ತರ ದಶಕದ ಕೊನೆಯಲ್ಲಿ ಟಾಮ್ ಡಿಮಾರ್ಕೊ, ಎಡ್ ಯೊರ್ಡನ್ ಅವರ ಕಡೆಯಿಂದ ಒಂದು ಶೈಲಿ, ಗೇನ್ ಮತ್ತು ಸಾರ್ಸನ್ ಅವರ ಕಡೆಯಿಂದ ಇನ್ನೊಂದು ಶೈಲಿ ಬಂತು. ಮೊದಲನೆಯದರಲ್ಲಿ ಕೆಲಸವನ್ನು ವೃತ್ತದಲ್ಲಿ ಬರೆಯುತ್ತಾರೆ, ಎರಡನೆಯದರಲ್ಲಿ ಮೂಲೆ ದುಂಡಗಿನ ಚೌಕದಲ್ಲಿ. ಯಾವುದಾದರೂ ಒಂದನ್ನು ಹಿಡಿಯಿರಿ, ಎರಡನ್ನೂ ಕಲಸಬೇಡಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಮೊದಲು ಸಂದರ್ಭ ಚಿತ್ರ. ಮಧ್ಯದಲ್ಲಿ ಒಂದೇ ವೃತ್ತ, ಅದರೊಳಗೆ ಇಡೀ ಡೇರಿ. ಸುತ್ತ ಯಾರು ಯಾರು ಇದ್ದಾರೆ? ಹಾಲು ಹಾಕುವ ಸದಸ್ಯರು, ಜಿಲ್ಲಾ ಹಾಲು ಒಕ್ಕೂಟ, ಬ್ಯಾಂಕು, ಊರಲ್ಲಿ ಹಾಲು ಕೊಳ್ಳುವವರು. ನಮ್ಮ ರಾಜ್ಯದಲ್ಲಿ ಹಾಲಿನ ಸಹಕಾರ ಮೂರು ಹಂತದ್ದು: ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ನಂದಿನಿ ಹೆಸರಲ್ಲಿ ಮಾರುವ ಕೆಎಂಎಫ್. ಮಂಡ್ಯದ ಒಕ್ಕೂಟ ಮದ್ದೂರಿನ ಹತ್ತಿರ ಗೆಜ್ಜಲಗೆರೆಯಲ್ಲಿದೆ. ನಿಮ್ಮ ಪ್ರಾಜೆಕ್ಟು ಹಳ್ಳಿಯ ಸಂಘದ ಬಗ್ಗೆ ಆದರೆ ಒಕ್ಕೂಟ ನಿಮ್ಮ ವೃತ್ತದ ಹೊರಗೆ. ಅದರೊಳಗೆ ಏನು ನಡೆಯುತ್ತದೆ ಅಂತ ಬರೆಯಲು ಹೋಗಬೇಡಿ, ಅಲ್ಲಿಂದ ಬರುವ ಕಾಗದ, ಅಲ್ಲಿಗೆ ಹೋಗುವ ಕಾಗದ ಅಷ್ಟೇ ನಿಮ್ಮದು.

ಒಂದು ಬಾಣ ಬಹಳ ತಂಡಗಳು ಮರೆಯುತ್ತವೆ. ಹಾಲಿನ ದುಡ್ಡು ಸಂಘದಿಂದ ಬರುತ್ತದೆ. ಆದರೆ ಲೀಟರಿಗೆ ಇಷ್ಟು ಅಂತ ಸರ್ಕಾರ ಕೊಡುವ ಪ್ರೋತ್ಸಾಹಧನ ಬೇರೆ ದಾರಿಯಲ್ಲಿ ಬೇರೆ ದಿನ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ರೈತರಿಗೆ ಎರಡೂ ಡೇರಿ ದುಡ್ಡೇ. "ಡೇರಿಯೋರು ಕಮ್ಮಿ ಕೊಟ್ರು" ಅನ್ನುವ ಮಾತು ಕೆಲವು ಸಲ ಹುಟ್ಟುವುದು ಇಲ್ಲಿಯೇ. ಚಿತ್ರದಲ್ಲಿ ಎರಡು ಬಾಣ ಬೇರೆ ಬೇರೆ ಬರೆದರೆ ಆ ಗೊಂದಲ ಎಲ್ಲಿಂದ ಬಂತು ಅಂತ ಕಾಣುತ್ತದೆ.

ಆಮೇಲೆ ಆ ಒಂದು ವೃತ್ತವನ್ನು ಬಿಚ್ಚಿ. ಹಾಲು ಅಳೆಯುವುದು, ಗುಣಮಟ್ಟ ನೋಡುವುದು, ಒಕ್ಕೂಟಕ್ಕೆ ಕಳಿಸುವುದು, ಫೀಡ್ ಕೊಡುವುದು, ಬಟವಾಡೆ ಮಾಡುವುದು. ಐದಾರು ಕೆಲಸ ಸಾಕು. ನಿಯಮಗಳು ಸುಲಭ: ಪ್ರತಿ ಕೆಲಸಕ್ಕೂ ಏನಾದರೂ ಒಳಗೆ ಬರಬೇಕು, ಏನಾದರೂ ಹೊರಗೆ ಹೋಗಬೇಕು. ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಮಾಹಿತಿ ತಾನಾಗೇ ನಡೆದು ಹೋಗುವುದಿಲ್ಲ, ನಡುವೆ ಯಾರೋ ಒಬ್ಬರು ಕೂತು ಬರೆಯುತ್ತಾರೆ, ಆ ಕೆಲಸವನ್ನು ತೋರಿಸಿ. ಕಚ್ಚಾ ಪುಸ್ತಕವನ್ನು ಮರೆಯದೆ ಬರೆಯಿರಿ. ಬರೆದ ಚಿತ್ರವನ್ನು ಸೆಕ್ರೆಟರಿಗೆ ತೋರಿಸಿ "ಇದು ಸರಿ ಇದೆಯಾ ಅಣ್ಣ?" ಅಂತ ಕೇಳಿ. ಅವರು ಪೆನ್ನು ಇಸಿದುಕೊಂಡು ತಿದ್ದಿದರೆ ನಿಮ್ಮ ಪುಣ್ಯ.

ಲೆಕ್ಕ ತಾಳೆ ನೋಡಿ, ಆದರೆ ಅವಸರ ಬೇಡ

ಇಲ್ಲಿ ಒಂದು ಘಟನೆಯನ್ನು ಪೂರ್ತಿ ಹೇಳಬೇಕು. ನಮ್ಮ ತಂಡ ಒಂದು ಬೆಳಗಿನ ಲೆಕ್ಕವನ್ನು ತಾಳೆ ನೋಡಿತು. ಸದಸ್ಯರಿಂದ ಬಂದ ಹಾಲು 410. ಊರಲ್ಲಿ ಮಾರಿದ್ದು 8. ಸ್ಯಾಂಪಲ್‌ಗೆ 2. ಉಳಿದದ್ದು 400, ಅಷ್ಟೇ ಗಾಡಿಗೆ ಹೋಗಿದ್ದು. ಒಕ್ಕೂಟದಿಂದ ಬಂದ ರಸೀದಿ ನೋಡಿದರೆ 412.

ಹುಡುಗ ರಾತ್ರಿಯೇ ನನಗೆ ಫೋನ್ ಮಾಡಿದ. "ಸರ್, ಅಳತೆ ಕಮ್ಮಿ ಬರೆದು ದಿನಕ್ಕೆ 12 ಲೀಟರ್ ರೈತರ ಹಾಲು ಹೊಡೀತಿದ್ದಾರೆ, ಸಿಕ್ಕಿಬಿತ್ತು." ನಾನು ಕೇಳಿದ್ದು ಒಂದೇ: ಯಾರನ್ನಾದರೂ ಕೇಳಿದಿರಾ? ಕೇಳಿರಲಿಲ್ಲ. ನಾಳೆ ಬೆಳಗ್ಗೆ ಹೋಗಿ, ಆರೋಪದ ಹಾಗೆ ಬೇಡ, ಅರ್ಥ ಆಗಲಿಲ್ಲ ಅಂತ ಕೇಳಿ ಅಂದೆ. ಮರುದಿನ ಹುಡುಗಿಯೊಬ್ಬಳು ಎರಡು ಕಾಗದವನ್ನೂ ಮುಂದೆ ಇಟ್ಟು ಕೇಳಿದಳು. ಸೆಕ್ರೆಟರಿ ಸಿಟ್ಟಾಗಲಿಲ್ಲ. ಗೋಡೆಯ ಗೂಡಿನಿಂದ ಹಾಲಿನ ಸಾಂದ್ರತೆ ನೋಡುವ ಹಳೆಯ ಲ್ಯಾಕ್ಟೋಮೀಟರ್ ತೆಗೆದು ಹಾಲಿನಲ್ಲಿ ಬಿಟ್ಟರು. "ಎಷ್ಟು ಡಿಗ್ರಿ ಓದವ್ವ." 30 ಇತ್ತು. "ಮೂವತ್ತು ಡಿಗ್ರಿ ಅಂದ್ರೆ ಲೀಟರ್ ನೀರಿಗಿಂತ ಲೀಟರ್ ಹಾಲು ಮೂವತ್ತು ಗ್ರಾಂ ಜಾಸ್ತಿ ತೂಗ್ತದೆ. ನಮ್ದು ಲೀಟರ್ ಕಣವ್ವ, ಅವರ್ದು ಕೇಜಿ."

ಅಷ್ಟೇ. ಲ್ಯಾಕ್ಟೋಮೀಟರಿನ 30 ಅಂದರೆ ಸಾಂದ್ರತೆ 1.030. 400 ಲೀಟರನ್ನು 1.03ರಿಂದ ಗುಣಿಸಿದರೆ 412 ಕೇಜಿ. ಒಂದು ತೊಟ್ಟೂ ಹೆಚ್ಚುಕಮ್ಮಿ ಇಲ್ಲ. ತಪ್ಪು ಇದ್ದದ್ದು ಕಾಗದದಲ್ಲಿ. ಎರಡರಲ್ಲೂ "ಪ್ರಮಾಣ" ಅಂತ ಇತ್ತು, ಯಾವ ಅಳತೆ ಅಂತ ಒಂದರಲ್ಲೂ ಇರಲಿಲ್ಲ. ಆ ರಾತ್ರಿಯೇ ಹುಡುಗ ಊರಲ್ಲಿ ಯಾರ ಹತ್ತಿರವಾದರೂ ಬಾಯಿ ಬಿಟ್ಟಿದ್ದರೆ ಒಬ್ಬ ನೆಟ್ಟಗಿನ ಮನುಷ್ಯನ ಮರ್ಯಾದೆ ಹೋಗುತ್ತಿತ್ತು. ಈ ಕೆಲಸದಲ್ಲಿ ನಾವು ಇನ್ನೊಬ್ಬರ ಲೆಕ್ಕದೊಳಗೆ ಕೈ ಹಾಕುತ್ತೇವೆ. ಕೇಳದೆ ತೀರ್ಮಾನ ಮಾಡುವ ಹಕ್ಕು ನಮಗಿಲ್ಲ.

ಹೀಗೆ ಹುಡುಕುವಾಗ ಕಂಡ ತೊಂದರೆ, ಅದರ ಬೇರು ಎರಡನ್ನೂ ಬೇರೆ ಮಾಡಿ. "ಬಟವಾಡೆ ದಿನ ಜಗಳ ಆಗುತ್ತದೆ" ಅನ್ನುವುದು ಕಂಡ ತೊಂದರೆ. ಯಾಕೆ? ಫೀಡ್ ದುಡ್ಡು ಒಮ್ಮೆಲೇ ಎರಡು ಮೂಟೆಯದು ಕಡಿತ ಆಗಿದೆ. ಯಾಕೆ? ಹಿಂದಿನ ಸಲ ಒಂದು ಮೂಟೆ ಏರಿಸಲು ಬಿಟ್ಟುಹೋಗಿತ್ತು. ಯಾಕೆ? ಅದು ಕಚ್ಚಾ ಪುಸ್ತಕದಲ್ಲಿತ್ತು, ಏರಿಸುವುದು ರಾತ್ರಿ, ಒಬ್ಬರೇ, ನಿದ್ದೆಗಣ್ಣಲ್ಲಿ. ಈಗ ಕೈಗೆ ಬೇರು ಸಿಕ್ಕಿತು. ಇದಕ್ಕೆ ಮೊಬೈಲ್ ಆ್ಯಪ್ ಮದ್ದಲ್ಲ. ಮೂಟೆ ಕೊಟ್ಟ ಗಳಿಗೆಯಲ್ಲೇ ಸದಸ್ಯರ ನಂಬರಿಗೆ ಬರೆಯುವುದು ಮದ್ದು.

ಏನು ಬೇಕು ಅಂತ ಬರೆಯುವುದು

ಅಗತ್ಯಗಳ ಪಟ್ಟಿ ಬರೆಯುವಾಗ ಪ್ರತಿ ಸಾಲನ್ನೂ ಪರೀಕ್ಷೆ ಮಾಡಿ ನೋಡುವಂತಿರಬೇಕು. "ಸಿಸ್ಟಂ ವೇಗವಾಗಿರಬೇಕು" ಅಂತ ಬರೆದರೆ ಯಾರೂ ಅಳೆಯಲಾರರು. "ಒಬ್ಬ ಸದಸ್ಯರ ನಂಬರ್ ಹೇಳಿದ ಮೇಲೆ ಚೀಟಿ ಕೈಗೆ ಬರಲು ಈಗ ಹಿಡಿಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಬಾರದು" ಅಂತ ಬರೆದು, ಈಗ ಎಷ್ಟು ಹಿಡಿಯುತ್ತದೆ ಅಂತ ಮೊದಲ ದಿನ ಬರೆದುಕೊಂಡ ಸಮಯದಿಂದ ತೆಗೆದು ಪಕ್ಕದಲ್ಲಿ ಹಾಕಿ. "ಕರೆಂಟ್ ಹೋದರೂ ಸಾಲು ನಿಲ್ಲಬಾರದು" ಅನ್ನುವುದು ನಮ್ಮ ಹಳ್ಳಿಗಳಲ್ಲಿ ಮೊದಲ ಸಾಲೇ ಆಗಬೇಕು, ಕೊನೆಗೆ ಸೇರಿಸುವ ಮಾತಲ್ಲ.

ದತ್ತಾಂಶದ ವಿನ್ಯಾಸ

ದತ್ತಾಂಶವನ್ನು ಕೋಷ್ಟಕಗಳಲ್ಲಿ ಇಡುವ ಯೋಚನೆ 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ (Codd) ಅವರಿಂದ ಬಂತು, ಘಟಕ ಮತ್ತು ಸಂಬಂಧಗಳ ಚಿತ್ರ, ಅಂದರೆ ಇಆರ್ ಡಯಾಗ್ರಾಮ್, 1976ರಲ್ಲಿ ಪೀಟರ್ ಚೆನ್ ಅವರಿಂದ. ಪಾಠದಲ್ಲಿ ಓದಿರುತ್ತೀರಿ. ನಮ್ಮ ಊರಿನಲ್ಲಿ ಅದನ್ನು ಹಾಕುವಾಗ ಎಲ್ಲಿ ಸಿಕ್ಕಿಕೊಳ್ಳುತ್ತೀರಿ ಅನ್ನುವುದನ್ನಷ್ಟೇ ಹೇಳುತ್ತೇನೆ.

ಹೆಸರು ಗುರುತಲ್ಲ. ಒಂದೇ ಹಳ್ಳಿಯಲ್ಲಿ ಐದು ಜನ ಜಯಮ್ಮ ಇರುತ್ತಾರೆ. ಅದಕ್ಕೇ ಹಳೆಯ ಪುಸ್ತಕಗಳಲ್ಲಿ "ಜಯಮ್ಮ ಕೋಂ ಲೇಟ್ ಸಿದ್ದೇಗೌಡ", "ಶಿವಣ್ಣ ಬಿನ್ ಬೋರೇಗೌಡ" ಅಂತ ಬರೆದಿರುತ್ತಾರೆ. ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ. ಎಷ್ಟೋ ತಂಡಗಳು ಇದನ್ನು ಪೂರ್ತಿ ಹೆಸರು ಅಂದುಕೊಂಡು ಒಂದೇ ಅಂಕಣಕ್ಕೆ ತುರುಕುತ್ತವೆ. ಹೆಸರು ಬೇರೆ, ಸಂಬಂಧ ಬೇರೆ, ಸಂಬಂಧಿಯ ಹೆಸರು ಬೇರೆ ಇಡಿ. ಗುರುತಿಗೆ ಸದಸ್ಯತ್ವ ನಂಬರ್ ಇಡಿ. ಸದಸ್ಯರು ತೀರಿಕೊಂಡು ಮಗನ ಹೆಸರಿಗೆ ಬಂದರೆ ಹೊಸ ಸಾಲು ಸೇರಿಸಿ, ಹಳೆಯ ಸಾಲಿನ ಮೇಲೆ ಮಗನ ಹೆಸರು ಬರೆದು ತಂದೆಯ ಲೆಕ್ಕ ಅಳಿಸಬೇಡಿ. ಇನ್ನೊಂದು, ಹಾಲು ಸುರಿಯುವವರು ಸದಸ್ಯರೇ ಆಗಿರಬೇಕೆಂದಿಲ್ಲ. ಅತ್ತೆಯ ನಂಬರಿಗೆ ಸೊಸೆ ಹಾಲು ಹಾಕುವುದು ಎಲ್ಲಾ ಕಡೆ ಇದೆ.

ದರಕ್ಕೆ ತಾರೀಖು ಬೇಕು. ಇದು ವಿದ್ಯಾರ್ಥಿಗಳು ಜಾಸ್ತಿ ಮಾಡುವ ತಪ್ಪು, ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಒಬ್ಬರು ದಿನಕ್ಕೆ 8 ಲೀಟರ್ ಹಾಕುತ್ತಾರೆ ಅನ್ನಿ. 15 ದಿನದ ಬಟವಾಡೆ. ಮೊದಲ 7 ದಿನ ದರ 30 ರೂಪಾಯಿ, ಎಂಟನೇ ದಿನದಿಂದ 32 ಅಂತ ಇಟ್ಟುಕೊಳ್ಳಿ. 56 ಲೀಟರಿಗೆ 1680, ಉಳಿದ 64 ಲೀಟರಿಗೆ 2048, ಒಟ್ಟು 3728 ರೂಪಾಯಿ. ನೀವು ದರವನ್ನು ಒಂದೇ ಜಾಗದಲ್ಲಿ ಇಟ್ಟು, ಬದಲಾದಾಗ ಅದನ್ನೇ ತಿದ್ದಿದರೆ ಬಿಲ್ ತೆಗೆಯುವ ದಿನ 120 ಲೀಟರಿಗೂ 32ರಂತೆ 3840 ಬರುತ್ತದೆ. 112 ರೂಪಾಯಿ ಜಾಸ್ತಿ, ಒಬ್ಬರಿಗೆ. ದರ ಇಳಿದಿದ್ದರೆ ಅಷ್ಟು ಕಮ್ಮಿ. ಅದಕ್ಕೆ ದರಪಟ್ಟಿಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಅಂತ ಇರಬೇಕು, ಜೊತೆಗೆ ಆ ಹೊತ್ತು ಲೆಕ್ಕ ಹಾಕಿದ ದರ ಹಾಲಿನ ಸಾಲಿನಲ್ಲೇ ಉಳಿಯಬೇಕು. ಪಠ್ಯಪುಸ್ತಕದ ನಾರ್ಮಲೈಸೇಶನ್, ಅಂದರೆ ಒಂದೇ ಮಾಹಿತಿ ಎರಡು ಕಡೆ ಇರಬಾರದು ಅನ್ನುವ ನಿಯಮದ ಪ್ರಕಾರ ಇದು ಪುನರಾವರ್ತನೆ ಅಂತ ಯಾರಾದರೂ ಕೇಳಿದರೆ, ಅದು ಆ ದಿನ ನಡೆದ ವ್ಯವಹಾರದ ಸಾಕ್ಷಿ ಅಂತ ಧೈರ್ಯವಾಗಿ ಹೇಳಿ.

ಪ್ರಮಾಣದ ಪಕ್ಕ ಅಳತೆ ಇರಲಿ. ಯಾಕೆ ಅಂತ ಇನ್ನು ಹೇಳಬೇಕಿಲ್ಲ.

ಹಳೆಯ ಸದಸ್ಯರ ಪಟ್ಟಿ ಕಂಪ್ಯೂಟರಿನಲ್ಲೇ ಇದೆ ಅಂತ ಖುಷಿಪಡುವ ಮುಂಚೆ ಅದನ್ನು ತೆರೆದು ನೋಡಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಎಲ್ಲಾ ಕಡೆ ಒಂದೇ ಥರ ಕಾಣುವ ಯೂನಿಕೋಡಿಗೆ ಬದಲಾಯಿಸಲು ಪರಿವರ್ತಕಗಳಿವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ. ಹೆಸರು ತಪ್ಪಾದರೆ ಜನಕ್ಕೆ ನೋವಾಗುತ್ತದೆ.

ಹೊಸ ವಿನ್ಯಾಸ: ಮೂರು ದಾರಿ ಇಡಿ

ಒಂದೇ ಪರಿಹಾರ ತಂದು ಇದೇ ಸರಿ ಅನ್ನಬೇಡಿ. ಕನಿಷ್ಠ ಮೂರು ಇಡಿ. ಬರೀ ಕಾಗದ ಮತ್ತು ಕೆಲಸದ ಕ್ರಮ ಬದಲಾಯಿಸುವುದು ಒಂದು. ಈಗಿರುವ ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಯಷ್ಟು ಸೇರಿಸುವುದು ಇನ್ನೊಂದು. ಪೂರ್ತಿ ಹೊಸ ಸಾಫ್ಟ್‌ವೇರ್ ಮೂರನೆಯದು. ಪ್ರತಿಯೊಂದಕ್ಕೂ ಎಷ್ಟು ಖರ್ಚು, ಯಾರು ಕಲಿಯಬೇಕು, ಕೆಟ್ಟರೆ ರಿಪೇರಿಗೆ ಎಲ್ಲಿಂದ ಜನ ಬರಬೇಕು ಅಂತ ಬರೆಯಿರಿ. ಯಂತ್ರಗಳಿಗೆ ಈಗಾಗಲೇ ಹೊಂದಿಕೊಂಡ ಸಾಫ್ಟ್‌ವೇರ್ ಇದ್ದರೆ ಅದನ್ನು ಕಿತ್ತು ಹಾಕಿ ನಿಮ್ಮದನ್ನು ಕೂರಿಸುವ ಆಸೆ ಬೇಡ. ನೀವು ಸೆಮಿಸ್ಟರ್ ಮುಗಿಸಿ ಹೋಗುತ್ತೀರಿ, ಅವರು ನಾಳೆ ಬೆಳಗ್ಗೆಯೂ ಹಾಲು ಅಳೆಯಬೇಕು.

ನಮ್ಮ ತಂಡ ಮೊದಲ ಎರಡನ್ನು ಕೂಡಿಸಿತು. ಕಚ್ಚಾ ಪುಸ್ತಕವನ್ನು ತೆಗೆದುಹಾಕಲಿಲ್ಲ, ಅದಕ್ಕೆ ಗೆರೆ ಹಾಕಿ ಅಂಕಣ ಕೊಟ್ಟಿತು: ತಾರೀಖು, ಹೊತ್ತು, ನಂಬರ್, ಏನು, ಎಷ್ಟು, ಏರಿಸಿದ್ದಕ್ಕೆ ಒಂದು ಟಿಕ್. ಟಿಕ್ ಇಲ್ಲದ ಸಾಲು ದೂರದಿಂದಲೇ ಕಾಣುತ್ತದೆ. ಫೀಡಿಗೆ ಎರಡು ಪ್ರತಿಯ ಚೀಟಿ, ಒಂದಕ್ಕೆ ಸದಸ್ಯರ ಸಹಿ ಅಥವಾ ಹೆಬ್ಬೆಟ್ಟು. ಹಾಲಿನ ಚೀಟಿಗೆ ಕನ್ನಡ, ದೊಡ್ಡ ಅಂಕಿ, ಕೊನೆಯ ಸಾಲಿನಲ್ಲಿ ಸದಸ್ಯರಿಗೆ ಇಲ್ಲಿಯವರೆಗೆ ಬರಬೇಕಾದ ದುಡ್ಡು.

ಪರೀಕ್ಷೆ

ಹೊಸದನ್ನು ಹಳೆಯದರ ಜೊತೆಜೊತೆಗೆ ಒಂದು ಬಟವಾಡೆ ಪೂರ್ತಿ ಓಡಿಸಿ. ಎರಡು ದಿನ ಸಾಲದು, ಯಾಕೆಂದರೆ ತಪ್ಪು ಹೊರಗೆ ಬರುವುದೇ ಬಟವಾಡೆ ದಿನ. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ಪ್ರತಿ ಸದಸ್ಯರ ಮೊತ್ತ ತಾಳೆ ನೋಡಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಬಿಡಬೇಡಿ. ಪೈಸೆಯನ್ನು ಎಲ್ಲಿ ಪೂರ್ಣಾಂಕ ಮಾಡುತ್ತೀರಿ, ಪ್ರತಿ ಹೊತ್ತಿಗಾ ಅಥವಾ ಕೊನೆಗಾ ಅನ್ನುವುದರಲ್ಲೇ ಬಹಳ ಸಲ ಉತ್ತರ ಇರುತ್ತದೆ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡುವಾಗ ಕಲ್ಪಿತ ಹೆಸರು, ಕಲ್ಪಿತ ಖಾತೆ ನಂಬರ್ ಮಾತ್ರ ಬಳಸಿ. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ. ಕಾನೂನು ಇರದಿದ್ದರೂ, ನಂಬಿ ಪುಸ್ತಕ ತೋರಿಸಿದವರ ಆಧಾರ್ ನಂಬರ್ ನಿಮ್ಮ ಪೆನ್‌ಡ್ರೈವ್‌ನಲ್ಲಿ ಇರಬಾರದು, ಅಲ್ವಾ?

ವರದಿ ಮತ್ತು ವೈವಾ

ವರದಿಯಲ್ಲಿ ಕಂಪ್ಯೂಟರಿನ ಇತಿಹಾಸ ಬರೆದು ಪುಟ ತುಂಬಿಸಬೇಡಿ. ನೀವು ನೋಡಿದ ಬೆಳಗ್ಗೆ, ಕಾಗದಗಳ ಕೋಷ್ಟಕ, ಹಳೆಯ ವ್ಯವಸ್ಥೆಯ ಚಿತ್ರ, ತೊಂದರೆ ಮತ್ತು ಬೇರು, ಮೂರು ದಾರಿ, ಆರಿಸಿದ್ದಕ್ಕೆ ಕಾರಣ, ಹೊಸ ಚಿತ್ರ, ಪರೀಕ್ಷೆಯ ಫಲ. ಮಾಡಲಾಗದೆ ಬಿಟ್ಟಿದ್ದನ್ನೂ ಬರೆಯಿರಿ. ವೈವಾದಲ್ಲಿ ಕೇಳುವುದು ಸಾಮಾನ್ಯವಾಗಿ ಇಂಥದ್ದು: ಈ ಬಾಣ ಯಾಕೆ ಇಲ್ಲಿದೆ, ಸೆಕ್ರೆಟರಿ ರಜೆ ಹಾಕಿದರೆ ಏನಾಗುತ್ತದೆ, ದರ ಬದಲಾದರೆ ಹಳೆಯ ಬಿಲ್ ಏನಾಗುತ್ತದೆ. ಅಲ್ಲಿ ಕೂತು ನೋಡಿದವರಿಗೆ ಇದು ಬಾಯಿಪಾಠ ಮಾಡಬೇಕಾದ ಉತ್ತರವೇ ಅಲ್ಲ. ತಂಡದಲ್ಲಿ ಒಬ್ಬರು ಮಾತ್ರ ಹೋಗಿ ಬಂದಿದ್ದರೆ ಅದೂ ಅಲ್ಲಿಯೇ ಗೊತ್ತಾಗುತ್ತದೆ.

ಕಾಲೇಜಿಗೆ ಕೊಟ್ಟ ವರದಿಯ ಜೊತೆ, ಸಂಸ್ಥೆಗೆ ಕನ್ನಡದಲ್ಲಿ ಎರಡೇ ಹಾಳೆಯ ಸಾರಾಂಶ ಕೊಡಿ. ಆಡಳಿತ ಮಂಡಳಿಯ ಸಭೆ ಯಾವತ್ತು ಅಂತ ಕೇಳಿಕೊಂಡು ಅವತ್ತೇ ಹೋಗಿ. ನಮ್ಮ ಮಕ್ಕಳು ಹೋದಾಗ ಸಂಜೆ ಹಾಲು ಹಾಕಲು ಬಂದವರೂ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. ಹೊಸ ಚೀಟಿಯ ಮಾದರಿಯನ್ನು ಎಲ್ಲರ ಕೈಗೂ ಕೊಟ್ಟರು. ಆ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಇದು ಫೀಡಿಂದು ಕಳೆದು ಬಂದಿರದಾ, ಕಳೀದೆ ಬಂದಿರದಾ?"

ಕಳೆದು ಬಂದದ್ದೇ ಆಗಿತ್ತು, ಆದರೆ ಚೀಟಿಯಲ್ಲಿ ಹಾಗಂತ ಬರೆದಿರಲಿಲ್ಲ. ಹುಡುಗಿ ಅಲ್ಲೇ ಕೂತು "ಫೀಡ್ ಕಳೆದು" ಅಂತ ಪೆನ್ನಿನಲ್ಲಿ ಸೇರಿಸಿದಳು.